ಇಂದೋ-ಸಾನ್ ಸಮುದ್ರದಲ್ಲಿದ್ದಾರೆ

ಆ ದ್ವೀಪದ ಹೆಸರು ಹೇಳುವುದಿಲ್ಲ. ಹೇಳಿದರೆ ನಿಮ್ಮಲ್ಲಿ ಯಾರಾದರೂ ಹೋಗುತ್ತೀರಿ, ಹೋದವರು ಇಂಡಿಯಾದವರು ಎಂದು ಪರಿಚಯ ಹೇಳಿಕೊಳ್ಳುತ್ತೀರಿ, ಆಗ ಆ ಊರಿನವರು ನಮ್ಮ ಕಥೆ ಎತ್ತುತ್ತಾರೆ. ನಮ್ಮ ಮಾನ ಒಮ್ಮೆ ಹೋಗಿದ್ದು ಸಾಕು. ಒಕಿನಾವಾದಿಂದಲೂ ಆಚೆ, ನಕ್ಷೆಯ ಮೇಲೆ ಸೊಳ್ಳೆ ಕೂತಂತೆ ಕಾಣುವ ಒಂದು ಚುಕ್ಕೆ ಎಂದುಕೊಳ್ಳಿ. ಬಿಳಿ ಮರಳು, ಹಸಿರು ಮಿಶ್ರಿತ ನೀಲಿ ನೀರು, ಬೆರಳೆಣಿಕೆಯ ಮನೆಗಳು. ಕಂಪನಿಯವರು ಹಂಚುವ ಕ್ಯಾಲೆಂಡರಿನಲ್ಲಿ ಕೆರಿಬಿಯನ್ ದ್ವೀಪದ ಚಿತ್ರ ಇರುತ್ತದಲ್ಲ, ಅದನ್ನೇ ಯಾರೋ ತೊಳೆದು, ಇಸ್ತ್ರಿ ಮಾಡಿ, ಮಡಿಸಿ ಇಟ್ಟ ಹಾಗಿದೆ.

ನಗೋಯಾ

ನಗೋಯಾದಲ್ಲಿ ನಮ್ಮದು ಹನ್ನೊಂದು ವರ್ಷದ ಸಂಸಾರ. ನನ್ನ ಗಂಡ ಸತೀಶ ಕಾರಿನ ಬ್ರೇಕಿಗೆ ಸಾಫ್ಟ್‌ವೇರ್ ಬರೆಯುತ್ತಾನೆ. ಲೋಕದ ಕಾರುಗಳೆಲ್ಲ ಎಲ್ಲಿ ನಿಲ್ಲಬೇಕೆಂದು ಹೇಳುವ ಈ ಮನುಷ್ಯನಿಗೆ ತಾನು ಎಲ್ಲಿ ನಿಲ್ಲಬೇಕೆಂದು ಗೊತ್ತಿಲ್ಲ. ನಾನು ಒಂದು ಶಿಶುವಿಹಾರದಲ್ಲಿ ಇಂಗ್ಲಿಷ್ ಹೇಳಿಕೊಡುತ್ತೇನೆ, ಅಂದರೆ ದಿನಕ್ಕೆ ನಲವತ್ತು ಸಲ ‘ಆ್ಯಪಲ್’ ಎಂದು ಹೇಳಿ ಮನೆಗೆ ಬರುತ್ತೇನೆ. ಮಗಳು ಕಾವೇರಿಗೆ ಒಂಬತ್ತು ವರ್ಷ, ಇಲ್ಲೇ ಹುಟ್ಟಿದವಳು. ಜಪಾನೀಯರ ಬಾಯಲ್ಲಿ ‘ವ’ ಹೊರಳುವುದಿಲ್ಲವಾದ್ದರಿಂದ ಶಾಲೆಯಲ್ಲಿ ಅವಳು ‘ಕಾಬೇರಿ-ಚಾನ್’.

ಎರಡು ತಿಂಗಳ ಹಿಂದೆ ಸತೀಶನ ಆಫೀಸಿನವರು ಒಂದು ಫಾರಂ ಕೊಟ್ಟರು. ಅದರಲ್ಲಿ ಇದ್ದದ್ದು ಎರಡೇ ಚೌಕ. ಮೊದಲನೆಯದಕ್ಕೆ ಗುರುತು ಹಾಕಿದರೆ ಇನ್ನು ಐದು ವರ್ಷ ನಗೋಯಾ. ಎರಡನೆಯದಕ್ಕೆ ಹಾಕಿದರೆ ಏಪ್ರಿಲ್‌ನಿಂದ ಬೆಂಗಳೂರಿನ ಆಫೀಸು. ಫಾರಂ ಅಂದಿನಿಂದ ಫ್ರಿಜ್ಜಿನ ಬಾಗಿಲಿಗೆ ಅಂಟಿಕೊಂಡು ನೇತಾಡುತ್ತಿತ್ತು. ಅವನಿಗೆ ವಾಪಸು ಹೋಗಬೇಕು. ನನಗೆ ಬೇಡ.

ಅವನ ಕಾರಣಗಳು ಅವನಂತೆಯೇ ಸರಳ. ಹನ್ನೊಂದು ವರ್ಷದಿಂದ ಸುಮಿಮಾಸೆನ್, ಸುಮಿಮಾಸೆನ್ ಎಂದು ಎಲ್ಲರ ಕ್ಷಮೆ ಕೇಳಿ ಬೆನ್ನು ಬಗ್ಗಿಹೋಗಿದೆ, ಒಮ್ಮೆಯಾದರೂ ಸಿಗ್ನಲ್ಲಿನಲ್ಲಿ ನಿಂತು ಯಾರನ್ನಾದರೂ ಬಾಯ್ತುಂಬ ಬೈಯಬೇಕು, ಅವರೇಕಾಳಿನ ಕಾಲದಲ್ಲಿ ಅವರೇಕಾಳು ತಿನ್ನಬೇಕು. ನನ್ನ ಕಾರಣಗಳು ಸ್ವಲ್ಪ ಉದಾತ್ತ. ಇಲ್ಲಿ ರೈಲು ಒಂದು ನಿಮಿಷ ತಡವಾದರೆ ಮೈಕಿನಲ್ಲಿ ಕ್ಷಮೆ ಕೇಳುತ್ತಾರೆ, ಅಲ್ಲಿ ಮುಹೂರ್ತದ ಹೊತ್ತಿಗೆ ಮದುಮಗನೇ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿರುತ್ತಾನೆ. ಇಲ್ಲಿ ‘ಯಾಕೆ ಇಷ್ಟು ದಪ್ಪ ಆಗಿದೀಯ’ ಎಂದು ಯಾರೂ ಕೇಳುವುದಿಲ್ಲ. ಮನಸ್ಸಿನಲ್ಲಿ ಅಂದುಕೊಂಡು ಬಗ್ಗಿ ನಮಸ್ಕಾರ ಮಾಡುತ್ತಾರೆ. ಅಷ್ಟು ಮರ್ಯಾದೆ ನನಗೆ ಸಾಕು.

ತೊಂದರೆ ಏನೆಂದರೆ ನಮ್ಮ ಅಪಾರ್ಟ್‌ಮೆಂಟಿನ ಗೋಡೆ ಹಪ್ಪಳದಷ್ಟು ತೆಳು. ಬಂದ ಹೊಸತರಲ್ಲಿ ಒಂದು ದಿನ ಒಗ್ಗರಣೆಗೆ ಬೆಳ್ಳುಳ್ಳಿ ಜಜ್ಜಿದ್ದಕ್ಕೆ ಕೆಳಗಿನ ಮನೆಯವರು ಬಾಗಿಲಿಗೆ ಚೀಟಿ ಅಂಟಿಸಿದ್ದರು: ‘ತಮ್ಮ ಮನೆಯಲ್ಲಿ ರಿಪೇರಿ ಕೆಲಸ ನಡೆಯುತ್ತಿದೆಯೇ? ತಮಗೆ ತುಂಬ ಶ್ರಮವಾಗುತ್ತಿರಬಹುದು.’ ಅವತ್ತಿನಿಂದ ನಾವು ಜಗಳವಾಡುವುದೂ ಪಿಸುಮಾತಿನಲ್ಲೇ. ಪಿಸುಮಾತಿನಲ್ಲಿ ಯಾವ ಜಗಳವೂ ಮುಗಿಯುವುದಿಲ್ಲ ಎಂಬುದು ನನ್ನ ಅನುಭವ. ಅರ್ಧದಲ್ಲಿ ‘ಏನಂದೆ?’ ಎಂದು ಕೇಳಬೇಕಾಗುತ್ತದೆ, ಕೇಳಿದೊಡನೆ ಸಿಟ್ಟು ಇಳಿದುಹೋಗುತ್ತದೆ.

ಫಾರಂ ಕೊಡಲು ಮಂಗಳವಾರ ಕೊನೆಯ ದಿನ. ಸೋಮವಾರ ಸರ್ಕಾರಿ ರಜೆ ಇತ್ತು. “ಎಲ್ಲಾದ್ರೂ ಯಾರೂ ಇಲ್ಲದ ಕಡೆ ಹೋಗಿ ಕೂತ್ಕೊಂಡು ಡಿಸೈಡ್ ಮಾಡೋಣ, ಬಾ” ಎಂದ ಸತೀಶ. ಜನ ಪ್ರಶಾಂತ ಕಡಲತೀರಕ್ಕೆ ಮನಶ್ಶಾಂತಿ ಹುಡುಕಿಕೊಂಡು ಹೋಗುತ್ತಾರೆ. ನಾವು ಹೊರಟಿದ್ದು ಗಂಟಲು ಬಿಚ್ಚಿ ಜಗಳವಾಡುವುದಕ್ಕೆ.

ಹಡಗು

ಶನಿವಾರ ಬೆಳಗಿನ ವಿಮಾನ, ಬಸ್ಸು, ಆಮೇಲೆ ಒಂದು ದೊಡ್ಡ ದ್ವೀಪದ ಬಂದರಿನಿಂದ ಸಣ್ಣ ಹಡಗು. ಹಡಗಿನಲ್ಲಿದ್ದ ಜಪಾನೀಯರು ಎರಡು ದಿನದ ಪ್ರವಾಸಕ್ಕೆ ಪುಸ್ತಕದಷ್ಟು ಪುಟ್ಟ ಚೀಲ ಹಿಡಿದಿದ್ದರು. ನಮ್ಮ ಮೂವರ ಬೆನ್ನ ಮೇಲೂ ಒಂದೊಂದು ಮೂಟೆ. ನನ್ನ ಮೂಟೆಯಲ್ಲಿ ಪುಟ್ಟ ಕುಕ್ಕರ್, ಪುಳಿಯೋಗರೆ ಗೊಜ್ಜು, ಚಕ್ಕುಲಿ ಡಬ್ಬ, ಮಜ್ಜಿಗೆ ಮೆಣಸಿನಕಾಯಿ, ಛತ್ರಿ. ಸಮುದ್ರದ ಮಧ್ಯೆ ಇರುವ ಊರಿನಲ್ಲಿ ತಿನ್ನಲು ಮೀನು ಬಿಟ್ಟರೆ ಇನ್ನೇನು ಸಿಕ್ಕೀತು ಎಂಬ ಭಯ ನಮಗೆ. ಮೀನಿಗೆ ಇಂಡಿಯಾದವರು ಬರುತ್ತಿದ್ದಾರೆ ಎಂಬ ಭಯ ಇದ್ದಿರಲಾರದು.

ಅರ್ಧ ದಾರಿಯಲ್ಲಿ ಅಲೆ ಎದ್ದು ಸತೀಶನ ಮುಖ ಹೀರೇಕಾಯಿಯ ಬಣ್ಣಕ್ಕೆ ತಿರುಗಿತು. ಅಂಥವರಿಗೆಂದೇ ಸೀಟಿನ ಮುಂದೆ ಹೂವಿನ ಚಿತ್ರದ ಕಾಗದದ ಚೀಲ ಮಡಿಸಿಟ್ಟಿದ್ದರು. ವಾಂತಿಗೂ ಹೂವಿನ ಚಿತ್ರ. ಅವನು ಅದನ್ನು ಉಪಯೋಗಿಸಿ ಮುಗಿಸುವಷ್ಟರಲ್ಲಿ ಪಕ್ಕದ ಸೀಟಿನ ಹೆಂಗಸು ತಾನೇ ಏನೋ ಅಪರಾಧ ಮಾಡಿದವಳಂತೆ “ಸುಮಿಮಾಸೆನ್” ಎಂದಳು. ಇವನು ಚೀಲವನ್ನು ಬಾಯಿಂದ ತೆಗೆದು “ಸುಮಿಮಾಸೆನ್” ಎಂದ. ಅವಳು ಮತ್ತೊಮ್ಮೆ ಅಂದಳು. ಇವನಿಗೆ ಮತ್ತೊಮ್ಮೆ ಚೀಲ ಬೇಕಾಯಿತು. ಹೀಗೆ ದ್ವೀಪ ಬರುವವರೆಗೂ ನಡೆಯಿತು.

ಹಿಗಾ-ಸಾನ್ ಮನೆ

ನಾವು ಉಳಿದದ್ದು ಹಿಗಾ-ಸಾನ್ ಎಂಬುವರ ಮನೆಯಲ್ಲಿ. ಎಪ್ಪತ್ತು ದಾಟಿದ ಗಟ್ಟಿಮುಟ್ಟಾದ ಹೆಂಗಸು. ಮನೆಯ ಮೂರು ಕೋಣೆಗಳನ್ನು ಪ್ರವಾಸಿಗಳಿಗೆ ಕೊಟ್ಟು, ಅಡುಗೆಯನ್ನೂ ತಾವೇ ಮಾಡಿ ಬಡಿಸುತ್ತಾರೆ. ನಾವು ಮಾಂಸ, ಮೀನು ತಿನ್ನುವುದಿಲ್ಲ ಎಂದು ಕಾವೇರಿ ಅವರಿಗೆ ಜಪಾನೀಸಿನಲ್ಲಿ ವಿವರಿಸಿದಳು. ಅವರು ನಮ್ಮನ್ನು ಆಸ್ಪತ್ರೆಯಿಂದ ಬಂದವರನ್ನು ನೋಡುವಂತೆ ಮರುಕದಿಂದ ನೋಡಿ, ಎರಡು ದಿನವೂ ಗೆಣಸು, ತೋಫು, ಹಾಗಲಕಾಯಿ ಎಂದು ಏನೇನೋ ಹೊಂದಿಸಿ ಹಾಕಿದರು. ಹಾಗಲಕಾಯಿ ಕಂಡ ಸತೀಶ ಹನ್ನೊಂದು ವರ್ಷದಲ್ಲಿ ಮೊದಲ ಬಾರಿ ಜಪಾನನ್ನು ಹೊಗಳಿದ.

ಬಾಗಿಲ ಪಕ್ಕದ ಗೋಡೆಗೆ ಒಂದು ಹಲಗೆ. ಅದರ ತುಂಬ ಮೊಳೆ, ಮೊಳೆಗೆ ಮರದ ಬಿಲ್ಲೆಗಳು. ಬಿಲ್ಲೆಯ ಒಂದು ಮುಖ ಕಪ್ಪು, ಇನ್ನೊಂದು ಕೆಂಪು. ಕಪ್ಪು ಕಂಡರೆ ಆ ಮನುಷ್ಯ ಮನೆಯಲ್ಲಿದ್ದಾನೆ, ಕೆಂಪು ಕಂಡರೆ ಸಮುದ್ರಕ್ಕೆ ಹೋಗಿದ್ದಾನೆ. ಹೋಗುವಾಗ ತಿರುಗಿಸಬೇಕು, ಬಂದಾಗ ತಿರುಗಿಸಬೇಕು. ನಮ್ಮ ಹೆಸರು ಅವರ ನಾಲಿಗೆಗೆ ಒಗ್ಗದೆ ಮೂರು ಬಿಲ್ಲೆಗಳ ಮೇಲೆ ‘ಇಂದೋ-ಸಾನ್ ಅಪ್ಪ, ಇಂದೋ-ಸಾನ್ ಅಮ್ಮ, ಇಂದೋ-ಸಾನ್ ಮಗು’ ಎಂದು ಬರೆದುಬಿಟ್ಟರು. ಇಂದೋ ಎಂದರೆ ಇಂಡಿಯಾ, ಸಾನ್ ಎಂದರೆ ನಮ್ಮ ‘ಅವರು’ ಇದ್ದಂತೆ. ನೂರಾರು ಕೋಟಿ ಜನರ ಪರವಾಗಿ ನಾವು ಮೂವರು ಮೊಳೆಗೆ ನೇತುಬಿದ್ದೆವು.

“ಇದೇನು ಅಟೆಂಡೆನ್ಸಾ?” ಎಂದು ಸತೀಶ ನಕ್ಕ.

“ಅಪ್ಪ, ನಗ್ಬೇಡ. ಇಟ್ಸ್ ಸೀರಿಯಸ್” ಎಂದಳು ಕಾವೇರಿ. ಜಪಾನಿನ ಶಾಲೆಯಲ್ಲಿ ಓದುವ ಮಕ್ಕಳಿಗೆ ನಿಯಮ ಎಂದರೆ ದೇವರು. ನಮ್ಮಂತೆ ದೇವರೂ ಒಂದು ನಿಯಮ ಎಂದುಕೊಂಡವರಲ್ಲ.

ಕಡಲತೀರ

ತೀರದ ಬಾಯಲ್ಲೇ ಒಂದು ಫಲಕ. ಜೋರಾಗಿ ಹಾಡು ಹಾಕಬಾರದು, ಹವಳ ಹೆಕ್ಕಬಾರದು, ಬೆಂಕಿ ಹೊತ್ತಿಸಬಾರದು, ಬೆಕ್ಕಿಗೆ ತಿಂಡಿ ಹಾಕಬಾರದು, ಕಸ ಬಿಸಾಡಬಾರದು, ಕಸದ ಡಬ್ಬ ಎಲ್ಲಿ ಎಂದು ಹುಡುಕಲೂಬಾರದು, ಏಕೆಂದರೆ ಅದು ಇಲ್ಲ. ಕೊನೆಯ ಸಾಲಿನಲ್ಲಿ ‘ದಯವಿಟ್ಟು ಸ್ವಚ್ಛಂದವಾಗಿ ಆನಂದಿಸಿ’ ಎಂದಿತ್ತು.

ತೀರ ಮಾತ್ರ, ಸುಳ್ಳು ಹೇಳಬಾರದು, ಎದೆ ಝಲ್ಲೆನ್ನುವಷ್ಟು ಚಂದ. ನೀರಿನ ತಳದ ಮರಳಿನ ಗೆರೆಗಳೂ ಕಾಣುತ್ತವೆ. ಅಲೆಗೂ ಫಲಕ ಓದಿದ ಸಂಕೋಚ, ಸದ್ದಿಲ್ಲದೆ ಬಂದು ಹೋಗುತ್ತದೆ. ನಮ್ಮ ಕಡಲತೀರ ನೆನೆಸಿಕೊಳ್ಳಿ. ಕುದುರೆ ಸವಾರಿಯವನು, ಚುರುಮುರಿಯವನು, ಸೀರೆಯುಟ್ಟೇ ಅಲೆಗೆ ಮೈಯೊಡ್ಡಿ ಕಿರುಚುವ ಅತ್ತೆಯರು, ‘ಸಾಕು ಬಾರೋ, ಬಸ್ಸು ಹೊರಡುತ್ತೆ’ ಎಂದು ದಡದಲ್ಲಿ ಕೂಗುವ ಮಾವ. ಇಲ್ಲಿ ಇಡೀ ತೀರದಲ್ಲಿ ನಾವು ಮೂವರು, ದೂರದಲ್ಲಿ ಒಂದು ಜಪಾನೀ ಜೋಡಿ. ಅವರಿಬ್ಬರೂ ಬಿಸಿಲಿಗೆ ಹೆದರಿ ಕುತ್ತಿಗೆಯಿಂದ ಪಾದದವರೆಗೆ ಮುಚ್ಚಿಕೊಂಡಿದ್ದರು. ನಾವು ನಾಚಿಕೆಗೆ ಮುಚ್ಚಿಕೊಂಡಿದ್ದೆವು. ಪ್ರಪಂಚದಲ್ಲಿ ಪೂರ್ತಿ ಬಟ್ಟೆ ತೊಟ್ಟು ಸಮುದ್ರಕ್ಕೆ ಇಳಿಯುವ ಜನ ಈ ಎರಡು ದೇಶದವರೇ ಇರಬೇಕು.

ಇವರನ್ನು ಬಿಟ್ಟರೆ ಕುಂಟೆ ಹಿಡಿದು ಮರಳನ್ನು ಗೀರುವ ಒಬ್ಬ ಮುದುಕರು. ಅವರದು ಸಂಬಳದ ಕೆಲಸವಲ್ಲವಂತೆ. ತೀರ ಚೊಕ್ಕಟವಾಗಿ ಕಾಣಲಿ ಎಂದು ದಿನವೂ ಬಂದು ಹೆಜ್ಜೆ ಗುರುತುಗಳನ್ನು ಅಳಿಸುತ್ತಾರೆ. ನಾವು ಹತ್ತು ಹೆಜ್ಜೆ ನಡೆದರೆ ಹಿಂದೆಯೇ ಅವರು ಬಗ್ಗಿ, ನಮಸ್ಕರಿಸಿ, ಹತ್ತೂ ಹೆಜ್ಜೆಯನ್ನು ಅಳಿಸುತ್ತಿದ್ದರು. ನಾವು ಅಲ್ಲಿಗೆ ಬಂದೇ ಇರಲಿಲ್ಲವೇನೋ ಎಂದು ನಮಗೇ ಅನುಮಾನ ಬರಬೇಕು, ಹಾಗೆ.

ಕಾವೇರಿ ನೀರಿಗೆ ಇಳಿದ ಮೇಲೆ ಸತೀಶ ಚಾಪೆ ಹಾಸಿ ಕುಳಿತು ಗಂಟಲು ಸರಿಮಾಡಿಕೊಂಡ. “ಹ್ಞೂ, ಶುರು ಮಾಡು.”

“ನೀನೇ ಶುರು ಮಾಡು. ವಾಪಸ್ ಹೋಗ್ಬೇಕು ಅನ್ನೋನು ನೀನು.”

“ನೀನು ಯಾಕೆ ಬೇಡ ಅಂತೀಯ, ಒಂದೇ ಒಂದು ನೆಟ್ಟಗಿರೋ ರೀಸನ್ ಕೊಡು ನೋಡೋಣ!” ಎಂದ, ಎರಡು ತಿಂಗಳಿಂದ ಒಳಗಿಟ್ಟುಕೊಂಡಿದ್ದ ಪೂರ್ತಿ ದನಿಯಲ್ಲಿ.

ಆ ದನಿ ನೀರಿನ ಮೇಲೆ ಹಾರಿಹೋಯಿತು. ದೂರದ ಜೋಡಿ ಇತ್ತ ತಿರುಗಿ, ಏನೋ ತಮ್ಮಿಂದಲೇ ತಪ್ಪಾಯಿತೆಂಬಂತೆ ಬಗ್ಗಿದರು. ಕುಂಟೆಯ ಮುದುಕರು ಕೆಲಸ ನಿಲ್ಲಿಸಿ, ಹ್ಯಾಟು ತೆಗೆದು ಎದೆಗಿಟ್ಟುಕೊಂಡು, ನಮ್ಮ ಮಾತು ಮುಗಿಯಲಿ ಎಂದು ತಲೆ ತಗ್ಗಿಸಿ ನಿಂತುಬಿಟ್ಟರು. ಯಾರೋ ತೀರಿಕೊಂಡವರಿಗೆ ಮೌನ ಆಚರಿಸುವಂತಿತ್ತು. ಅಂಥವರ ಎದುರಿಗೆ ಗಂಡನನ್ನು ಹೇಗೆ ಬೈಯುವುದು? ಮತ್ತೆ ಪಿಸುಮಾತಿಗೆ ಇಳಿದೆವು. ಚಕ್ಕುಲಿ ಕಡಿದರೂ ನಾಲ್ಕು ಜನ ತಿರುಗಿ ನೋಡುವಂಥ ಮೌನ. ಇಷ್ಟು ದೂರ ಬಂದು ನಮ್ಮ ಅಪಾರ್ಟ್‌ಮೆಂಟಿಗೇ ಬಂದಂತಾಯಿತು.

ಭಾನುವಾರ ಬೆಳಿಗ್ಗೆ

ಎರಡು ರಾತ್ರಿಗೆಂದು ಕೋಣೆ ಕಾದಿರಿಸಿ ಹಣವನ್ನೂ ಮೊದಲೇ ಕೊಟ್ಟಿದ್ದೆವು. ಆದರೆ ಭಾನುವಾರ ಬೆಳಿಗ್ಗೆ ಸತೀಶ ಫೋನಿನಲ್ಲಿ ಹವಾಮಾನ ನೋಡಿ, ಸೋಮವಾರ ಅಲೆ ಜೋರಾದರೆ ಹಡಗು ಬಿಡುವುದಿಲ್ಲವಂತೆ ಎಂದ. ಮಂಗಳವಾರ ಫಾರಂ ಕೊಡದಿದ್ದರೆ ಕೆಲಸಕ್ಕೇ ಕುತ್ತು. ಒಂದು ರಾತ್ರಿ ಹೋದರೆ ಹೋಯಿತು, ಇವತ್ತೇ ಮಧ್ಯಾಹ್ನದ ಹಡಗು ಹಿಡಿದು ಹೊರಟುಬಿಡೋಣ, ಅದಕ್ಕೆ ಮೊದಲು ತೀರದಲ್ಲಿ ಕೊನೆಯದಾಗಿ ಕೂತು ತೀರ್ಮಾನ ಮಾಡೋಣ ಎಂದಾಯಿತು.

“ಹಿಗಾ-ಸಾನ್‌ಗೆ ಹೇಳ್ಬೇಕಲ್ಲ. ಕಾವೇರಿನ ಕರಿ” ಎಂದ.

ಕಾವೇರಿ ಆಗಲೇ ಅಂಗಳಕ್ಕೆ ಓಡಿದ್ದಳು. “ಅಷ್ಟಕ್ಕೆ ಅವಳ್ಯಾಕೆ? ನಾನೇ ಹೇಳ್ತೀನಿ” ಎಂದೆ.

ನನ್ನ ಜಪಾನೀಸಿನ ಬಗ್ಗೆ ನನಗೆ ಬಹಳ ಹೆಮ್ಮೆ. ಅದರಲ್ಲೂ ಒಂದು ಮಾತಂತೂ ನನಗೆ ಕಂಠಪಾಠ. ‘ಇತ್ತೆಕಿಮಾಸ್’. ಇತ್ತೆ ಎಂದರೆ ಹೋಗಿ, ಕಿಮಾಸ್ ಎಂದರೆ ಬರ್ತೀನಿ. ನಮ್ಮ ‘ಹೋಗಿ ಬರ್ತೀನಿ’ಯನ್ನು ಯಾರೋ ಅಕ್ಷರ ಅಕ್ಷರವೂ ಕದ್ದುಕೊಂಡು ಹೋದಂತಿದೆ. ಈ ಭಾಷೆ ಕಲಿಯಲು ಶುರು ಮಾಡಿದಾಗ ಇದನ್ನು ಕಂಡು ನನಗೆ ತವರಿನವರು ಸಿಕ್ಕಷ್ಟು ಸಂತೋಷವಾಗಿತ್ತು. ಹೊರಡುವಾಗ ‘ಹೋಗ್ತೀನಿ’ ಎನ್ನಬಾರದು, ಅದು ಅಪಶಕುನ ಎಂಬ ತಿಳಿವಳಿಕೆ ಇರುವ ಇನ್ನೊಂದು ಸುಸಂಸ್ಕೃತ ದೇಶವೂ ಇದೆಯಲ್ಲ ಎಂದು.

ಅಡುಗೆಮನೆಯ ಬಾಗಿಲಿಗೆ ಹೋಗಿ, ಅವರ ಉಪಚಾರಕ್ಕೆ ತಕ್ಕಂತೆ ಸೊಂಟದಿಂದ ಬಗ್ಗಿ, “ಹಿಗಾ-ಸಾನ್, ಅರಿಗಾತೋ. ಇತ್ತೆಕಿಮಾಸ್” ಎಂದೆ. ಕಣ್ಣಲ್ಲಿ ಸ್ವಲ್ಪ ನೀರೂ ಬಂತು. ಅವರು ಹಿಟ್ಟಿನ ಕೈ ಒರೆಸಿಕೊಂಡು ಅಗಲವಾಗಿ ನಕ್ಕು “ಇತ್ತೆರಾಶಾಯ್!” ಎಂದರು. ಹೋಗಿ ಬನ್ನಿ. ಹುಷಾರಾಗಿರಿ ಎಂದೂ ಸೇರಿಸಿದರು. ಎಷ್ಟು ಚೊಕ್ಕ ಬೀಳ್ಕೊಡುಗೆ ಎಂದುಕೊಂಡೆ.

ಬೆನ್ನ ಮೇಲೆ ಪೂರ್ತಿ ಮೂಟೆ ಇತ್ತಲ್ಲ, ಅವರಿಗೆ ಅಷ್ಟೂ ತಿಳಿಯಲಿಲ್ಲವೇ ಎಂದು ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. ಹಿಂದಿನ ದಿನ ಎರಡು ಗಂಟೆ ಹೊತ್ತು ತೀರದಲ್ಲಿ ಕೂರಲು ಹೋಗುವಾಗಲೂ ನಾವು ಅದೇ ಮೂಟೆಗಳನ್ನು, ಅದೇ ಕುಕ್ಕರನ್ನು ಹೊತ್ತುಕೊಂಡೇ ಹೋಗಿದ್ದೆವು. ಊಟಕ್ಕೆ ಹೊರಡುವವರೂ ಊರು ಬಿಡುವವರೂ ಒಂದೇ ಥರ ಕಂಡರೆ ಪಾಪ ಅವರೇನು ಮಾಡಿಯಾರು? ಸಾಲದ್ದಕ್ಕೆ ಸತೀಶ ಹಿಂದಿನ ದಿನದ ಅಭ್ಯಾಸಬಲದಿಂದ ಮೂರೂ ಬಿಲ್ಲೆಗಳನ್ನು ಕೆಂಪಿಗೆ ತಿರುಗಿಸಿಯೇ ಹೊರಬಿದ್ದ.

ತೀರದಲ್ಲಿ ಅವತ್ತೂ ತೀರ್ಮಾನವಾಗಲಿಲ್ಲ. ಫಾರಂ ಅನ್ನು ಚಾಪೆಯ ಮೇಲಿಟ್ಟು ಅದರ ಮೇಲೆ ಪೆನ್ನಿಟ್ಟು ಇಬ್ಬರೂ ಸಮುದ್ರ ನೋಡುತ್ತ ಕುಳಿತೆವು. ಒಂದು ಏಡಿ ಬಂದು ಎರಡೂ ಚೌಕಗಳ ಮೇಲೆ ಅಡ್ಡಡ್ಡ ನಡೆದು ಹೋಯಿತು. ಅದಕ್ಕೂ ತೀರ್ಮಾನವಾಗಲಿಲ್ಲ. ಹಡಗಿನ ಹೊತ್ತಾಯಿತೆಂದು ಗಡಿಬಿಡಿಯಲ್ಲಿ ಎಲ್ಲ ತುಂಬಿಕೊಂಡು ಓಡಿದೆವು. ಆ ಗಡಿಬಿಡಿಯಲ್ಲಿ ಛತ್ರಿ ಮರಳಿನಲ್ಲೇ ಉಳಿಯಿತು. ಶೂ ಹಾಕಿಕೊಂಡ ಕಾವೇರಿಯ ಹಳದಿ ಚಪ್ಪಲಿಯೂ ಉಳಿಯಿತು.

ದೊಡ್ಡ ದ್ವೀಪದ ಬಂದರು

ದೊಡ್ಡ ದ್ವೀಪದಲ್ಲಿ ಇಳಿದು, ಬಸ್ಸಿಗೆ ಹೊತ್ತಿದ್ದುದರಿಂದ ಬೆಂಚಿನ ಮೇಲೆ ಪುಳಿಯೋಗರೆ ಬಿಚ್ಚಿದ್ದೆವು. ಸೈಕಲ್ಲಿನಲ್ಲಿ ಒಬ್ಬ ಪೊಲೀಸು ಏದುಸಿರು ಬಿಡುತ್ತ ಬಂದು ನಿಂತ. ನಮ್ಮನ್ನು ನೋಡಿದ. ಬೆರಳೆತ್ತಿ ಒಂದು, ಎರಡು, ಮೂರು ಎಂದು ಎಣಿಸಿದ. ಆಮೇಲೆ ಕಾವೇರಿಯ ಮುಂದೆ ಮಂಡಿಯೂರಿ ಕುಳಿತು ಏನೋ ಕೇಳಿದ. ಅವಳ ಮುಖ ಬಿಳಿಚಿಕೊಂಡಿತು.

“ಏನಂತೆ?” ಎಂದೆ.

“ನಾವು ಬದುಕಿದೀವಾ ಅಂತ ಕೇಳ್ತಿದಾರೆ.”

ಪೊಲೀಸು ಹೇಳಿದ್ದನ್ನು ಕಾವೇರಿ ಒಂದೊಂದಾಗಿ ಬಿಡಿಸಿದಳು. ಹಿಗಾ-ಸಾನ್ ನಮಗೆಂದೇ ಮೀನಿನ ರಸವಿಲ್ಲದ ಶಾವಿಗೆ ಮಾಡಿಟ್ಟು ಮಧ್ಯಾಹ್ನದ ಊಟಕ್ಕೆ ಕಾದಿದ್ದಾರೆ. ನಾವು ಬರಲಿಲ್ಲ. ಬಿಲ್ಲೆಗಳು ಕೆಂಪಗೇ ಇವೆ. ತೀರಕ್ಕೆ ಹೋಗಿ ನೋಡಿದರೆ ಯಾರೂ ಇಲ್ಲ, ಮರಳಿನಲ್ಲಿ ಛತ್ರಿ ಇದೆ, ನೀರಿನ ಅಂಚಿನಲ್ಲಿ ಮಗುವಿನ ಚಪ್ಪಲಿ ಇದೆ. ನಮ್ಮ ಮಗಳು ಜಪಾನಿನ ಶಾಲೆಯ ಮಗಳು. ಚಪ್ಪಲಿಯನ್ನು ಎಂದೂ ಎಸೆಯುವುದಿಲ್ಲ, ಎರಡನ್ನೂ ಜೋಡಿಸಿ ತುದಿಯನ್ನು ಹೊರಗೆ ಮಾಡಿ ಇಡುತ್ತಾಳೆ. ಇಲ್ಲಿ ಹೊರಗೆ ಎಂದರೆ ಸಮುದ್ರದ ಕಡೆಗೆ. ಈ ದೇಶದಲ್ಲಿ ನೀರಿನ ಅಂಚಿನಲ್ಲಿ ಹಾಗೆ ಜೋಡಿಸಿಟ್ಟ ಚಪ್ಪಲಿ ಕಂಡರೆ ಜನ ಯೋಚಿಸುವುದು ಒಂದೇ ವಿಷಯ, ಬೇಕೆಂದೇ ನೀರಿಗೆ ಬಿದ್ದಿದ್ದಾರೆ ಎಂದು. ಊರಿನ ಧ್ವನಿವರ್ಧಕದಲ್ಲಿ ‘ಇಂದೋ-ಸಾನ್ ಸಮುದ್ರದಲ್ಲಿದ್ದಾರೆ, ಇಂದೋ-ಸಾನ್ ಮೂವರು ಸಮುದ್ರದಲ್ಲಿದ್ದಾರೆ’ ಎಂದು ಸಾರಿ, ಇದ್ದಬದ್ದ ದೋಣಿಗಳೆಲ್ಲ ನೀರಿಗಿಳಿದಿವೆ. ಹಡಗಿನ ಆಫೀಸಿಗೆ ಯಾರೋ ಫೋನು ಮಾಡಿದ ಮೇಲೆ ಇಲ್ಲಿ ಹುಡುಕಿದ್ದಾರೆ.

ಸತೀಶ ನನ್ನತ್ತ ತಿರುಗಿದ. “ಹೇಳಿದೀನಿ ಅಂದ್ಯಲ್ಲ?”

“ಹೇಳ್ದೆ! ಇತ್ತೆಕಿಮಾಸ್ ಅಂತ ಬಗ್ಗಿ ಹೇಳ್ದೆ.”

“ಅಮ್ಮಾ!” ಕಾವೇರಿ ಕಿರುಚಿದಳು. ಬಂದರಿನಲ್ಲಿದ್ದವರೆಲ್ಲ ತಿರುಗಿದರು, ಅವಳು ಮೊದಲ ಬಾರಿಗೆ ಲೆಕ್ಕಿಸಲಿಲ್ಲ. “ಅದು ಸ್ಕೂಲ್‌ಗೆ ಹೋಗುವಾಗ ಹೇಳೋದು! ಇತ್ತೆಕಿಮಾಸ್ ಅಂದ್ರೆ ಈವ್ನಿಂಗ್ ಬ್ಯಾಕ್ ಬರ್ಲೇಬೇಕು!”

“ಕನ್ನಡದಲ್ಲೂ ಹಾಗೇ ಅಂತೀವಲ್ಲ ಪುಟ್ಟ, ಹೋಗಿ ಬರ್ತೀವಿ ಅಂತ...”

“ಕನ್ನಡದಲ್ಲಿ ಎಲ್ರೂ ಸುಮ್ನೆ ಹೇಳ್ತಾರೆ. ಜಪಾನೀಸ್‌ನಲ್ಲಿ ಹೇಳಿದ್ರೆ ಯೂ ಹ್ಯಾವ್ ಟು ಕಮ್.”

ಒಂಬತ್ತು ವರ್ಷದ ಹುಡುಗಿ ನನಗೆ ಎರಡು ಭಾಷೆಗಳನ್ನು ಒಂದೇ ಉಸಿರಿನಲ್ಲಿ ಹೇಳಿಕೊಟ್ಟಳು. ಪುಳಿಯೋಗರೆಯ ಡಬ್ಬ ಮುಚ್ಚಿ ಮೂಟೆಗೆ ಹಾಕಿದೆ. ನಾವು ಸುರಕ್ಷಿತವಾಗಿದ್ದೇವೆಂದು ಪೊಲೀಸು ಫೋನಿನಲ್ಲಿ ತಿಳಿಸಿ, ಇನ್ನು ನೀವು ನಿಶ್ಚಿಂತೆಯಿಂದ ಹೊರಡಬಹುದು ಎಂದ. ಹಾಗೆ ಹೊರಡುವ ಮುಖ ನಮಗಿರಲಿಲ್ಲ. ಸೋಮವಾರದ ಅಲೆ ಸೋಮವಾರಕ್ಕಿರಲಿ ಎಂದು ಮುಂದಿನ ಹಡಗಿನಲ್ಲೇ ವಾಪಸು ಹೊರಟೆವು. ಸತೀಶನಿಗೆ ಈ ಸಲ ವಾಂತಿ ಬರಲಿಲ್ಲ. ಹೆದರಿಕೆಯಲ್ಲಿ ಅದೂ ಮರೆತುಹೋಗಿರಬೇಕು.

ಮತ್ತೆ ಅದೇ ದ್ವೀಪ

ದಡದಲ್ಲಿ ಇಡೀ ಊರು ನಿಂತಿತ್ತು. ರಬ್ಬರ್ ಬಟ್ಟೆ ತೊಟ್ಟ ಬೆಸ್ತರು, ಒದ್ದೆ ಹಗ್ಗ ಸುತ್ತುತ್ತಿದ್ದ ಹೆಂಗಸರು, ಕುಂಟೆಯ ಮುದುಕರೂ ಹ್ಯಾಟಿನಿಂದ ಪಾದದವರೆಗೆ ತೊಯ್ದು ನಿಂತಿದ್ದರು. ನಾವು ಇಳಿದೊಡನೆ ಅವರೆಲ್ಲ ಬಗ್ಗಿ, ಒಳ್ಳೆಯದಾಯಿತು, ಒಳ್ಳೆಯದಾಯಿತು ಎಂದರು. ಒಬ್ಬರೂ ಬೈಯಲಿಲ್ಲ. ನಮ್ಮ ಕಡೆಯಾಗಿದ್ದರೆ ‘ಬುದ್ಧಿ ಇದ್ಯೇನ್ರೀ ನಿಮಗೆ’ ಎಂದು ನಾಲ್ಕು ಬೈದು, ಒಂದು ಕಾಫಿ ಕೊಟ್ಟು, ಲೆಕ್ಕ ಚುಕ್ತಾ ಮಾಡುತ್ತಿದ್ದರು. ಬೈಗುಳ ಎಷ್ಟು ದೊಡ್ಡ ಉಪಕಾರ ಎಂದು ಅವತ್ತು ತಿಳಿಯಿತು. ಸತೀಶ ಒಬ್ಬೊಬ್ಬರ ಮುಂದೆಯೂ ನಿಂತು, ಹನ್ನೊಂದು ವರ್ಷದಲ್ಲಿ ಮೊದಲ ಬಾರಿಗೆ ಮನಸ್ಸಿಟ್ಟು ಸುಮಿಮಾಸೆನ್ ಎಂದ.

ಹಿಗಾ-ಸಾನ್ ಕೊನೆಯಲ್ಲಿದ್ದರು. ಅವರ ಉಡುಪು ಎದೆಮಟ್ಟ ಒದ್ದೆ. ದೋಣಿ ಬರುವವರೆಗೂ ಕಾಯದೆ ತಾವೇ ನೀರಿಗೆ ಇಳಿದಿದ್ದರಂತೆ. ಎರಡೂ ಕೈಯಲ್ಲಿ ಕಾವೇರಿಯ ಹಳದಿ ಚಪ್ಪಲಿಯನ್ನು ಅವುಚಿಕೊಂಡಿದ್ದರು. ಅವರು ಹೇಳಿದ್ದು ಒಂದೇ ಮಾತು. “ಒಕಾಎರಿ.” ಹೊರಗೆ ಹೋದವರು ಮನೆಗೆ ಬಂದಾಗ ಹೇಳುವ ಮಾತು ಅದು, ಬಂದಿರಾ ಎಂದು. ನನಗೆ ತಡೆಯಲಾಗಲಿಲ್ಲ. ಊರಿನವರ ಎದುರಿಗೇ ಗಟ್ಟಿಯಾಗಿ ಅತ್ತುಬಿಟ್ಟೆ. ಆ ಫಲಕದಲ್ಲಿ ಅಳಬಾರದು ಎಂದೇನೂ ಬರೆದಿರಲಿಲ್ಲ.

ಸಂಜೆ ಅವರ ಊಟದ ಮೇಜಿನ ಸುತ್ತ ಕುಳಿತು ಮಧ್ಯಾಹ್ನದ ಶಾವಿಗೆಯನ್ನೇ ತಿಂದೆವು. ಕಾವೇರಿ ನನ್ನ ಪರವಾಗಿ ವಕಾಲತ್ತು ಮಾಡಿದಳು. ನಮ್ಮ ಭಾಷೆಯಲ್ಲಿ ಹೊರಡುವಾಗ ಹೋಗ್ತೀನಿ ಅನ್ನುವುದಿಲ್ಲ, ಯಾವಾಗಲೂ ಹೋಗಿ ಬರ್ತೀನಿ ಅನ್ನುವುದು, ಅಮ್ಮ ಅದನ್ನೇ ಹೇಳಿದ್ದು ಎಂದು. ಹಿಗಾ-ಸಾನ್ ಆಸಕ್ತಿಯಿಂದ ಕೇಳಿದರು.

“ಶಾಶ್ವತವಾಗಿ ಹೊರಡುವಾಗಲೂ ಅದನ್ನೇ ಹೇಳುತ್ತೀರಾ?”

“ಹೌದಂತೆ” ಎಂದಳು ಕಾವೇರಿ.

“ದೂರದ ದೇಶಕ್ಕೆ ಹೋಗುವಾಗಲೂ?”

“ಆಗಲೂ” ಎಂದೆ ನಾನೇ.

ಅವರು ಊಟದ ಕಡ್ಡಿಗಳನ್ನು ಕೆಳಗಿಟ್ಟು, ಗೋಡೆಯ ಮೇಲಿನ ಹಲಗೆಯನ್ನು ನೋಡಿ, ನಿಜವಾಗಿ ತಿಳಿಯದೆ ಕೇಳಿದರು. “ಹಾಗಾದರೆ ಮನೆಯಲ್ಲಿ ಉಳಿದವರು ಯಾವಾಗ ಹುಡುಕಲು ಶುರು ಮಾಡುತ್ತಾರೆ?”

ಕಾವೇರಿ ಅದನ್ನು ಕನ್ನಡಕ್ಕೆ ತಂದಳು. ತರಬೇಕಿರಲಿಲ್ಲ, ನನಗೆ ಅರ್ಥವಾಗಿತ್ತು. ನನಗೆ ಹನುಮಂತನಗರದಲ್ಲಿ ಒಬ್ಬಳು ಅಕ್ಕ ಇದ್ದಾಳೆ, ಗಿರಿಜಕ್ಕ. ಹನ್ನೊಂದು ವರ್ಷದ ಹಿಂದೆ ಹೊರಡುವಾಗ ಅವಳ ಮನೆಯ ಮಹಡಿಯ ಭಾಗದಲ್ಲಿ ನಮ್ಮ ಮಂಚ, ಪಾತ್ರೆಪಡಗ ಇಟ್ಟು, “ಎರಡೇ ವರ್ಷ, ಹೋಗಿ ಬರ್ತೀವಿ” ಎಂದಿದ್ದೆ. “ಹೋಗಿ ಬನ್ನಿ, ಮೇಲಿನ ಮನೆ ನಿಮ್ಮದೇ” ಎಂದಿದ್ದಳು. ಅವತ್ತಿನಿಂದ ಪ್ರತಿ ಫೋನಿನಲ್ಲೂ ಅವಳು ಯಾವಾಗ ಬರ್ತೀರೇ ಎನ್ನುತ್ತಾಳೆ, ನಾನು ಬರ್ತೀವಿ ಕಣಕ್ಕ ಎನ್ನುತ್ತೇನೆ. ಅಪರಿಚಿತರೊಬ್ಬರು ಆ ಮಾತನ್ನು ನಂಬಿ ಸಮುದ್ರಕ್ಕೆ ಇಳಿದರು. ಅಕ್ಕನಿಗಾದರೂ ನಿಜ ಹೇಳಿಬಿಡಬೇಕು ಅನ್ನಿಸಿತು. ಕೋಣೆಗೆ ಬಂದವಳೇ ಫೋನು ಹಚ್ಚಿದೆ. ಅಲ್ಲಿ ಇನ್ನೂ ಸಂಜೆಯ ಕಾಫಿಯ ಹೊತ್ತು. ಸತೀಶ ಫಾರಂ ಹಿಡಿದು ಎದುರಿಗೆ ಕುಳಿತಿದ್ದ.

“ಅಕ್ಕ, ಒಂದು ವಿಷ್ಯ ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ನಾವು ಬರಲ್ಲ ಅನ್ಸುತ್ತೆ. ಇನ್ನೂ ಐದು ವರ್ಷ ಇಲ್ಲೇ. ಮೇಲಿನ ಮನೆ ನಮಗೋಸ್ಕರ ಖಾಲಿ ಇಟ್ಕೊಂಡು ಕೂತಿರ್ಬೇಡ.”

“ಮೇಲಿನ ಮನೇನಾ?” ಅಕ್ಕ ನಕ್ಕಳು. “ಅಯ್ಯೋ ಪದ್ದು, ಅದನ್ನ ಬಾಡಿಗೆಗೆ ಕೊಟ್ಟು ಆರು ವರ್ಷ ಆಯ್ತಲ್ಲೇ. ಕೆಲಸಕ್ಕೆ ಹೋಗೋ ಹುಡುಗೀರು ನಾಲ್ಕು ಜನ ಇದಾರೆ. ನಿಮ್ಮ ಸಾಮಾನೆಲ್ಲ ಅಟ್ಟದ ಮೇಲಿದೆ, ಹಾಳೇನೂ ಆಗಿಲ್ಲ.”

“ಮತ್ತೆ ಫೋನ್ ಮಾಡಿದಾಗೆಲ್ಲ ಯಾವಾಗ ಬರ್ತೀರ, ಮನೆ ನಿಮ್ಮದೇ ಅಂತಿದ್ದೆ?”

“ನೀನು ಬರ್ತೀವಿ ಅಂತಿದ್ದೆ, ನಾನು ಬನ್ನಿ ಅಂತಿದ್ದೆ. ಅದೆಲ್ಲ ಮಾತಿಗೆ ಹೇಳೋದಲ್ವೇನೇ?”

ನನಗೆ ಸಂತೋಷವಾಗಬೇಕಿತ್ತು. ವಾದದಲ್ಲಿ ಗೆದ್ದಂತಾಗಿತ್ತು, ವಾಪಸು ಹೋಗಲು ಮನೆಯೇ ಇಲ್ಲ ಎಂದರೆ ಸತೀಶ ಇನ್ನೇನು ಹೇಳಿಯಾನು? ಆದರೆ ಆಗಲಿಲ್ಲ. ಆರು ವರ್ಷದಿಂದ ನನ್ನನ್ನು ಯಾರೂ ಕಾಯುತ್ತಿರಲಿಲ್ಲ. ಹುಡುಕುವುದನ್ನು ಬಿಟ್ಟು, ಸಾಮಾನನ್ನು ಅಟ್ಟಕ್ಕೆ ಹಾಕಿ, ನನಗೆ ಹೇಳದೆ ಸುಮ್ಮನಾಗಿದ್ದರು. ನನಗೆ ಸಿಟ್ಟು ಬಂತು, ಎಷ್ಟು ಬಂತೆಂದರೆ ಹಿಗಾ-ಸಾನ್ ಮನೆಯ ಕಾಗದದ ಬಾಗಿಲೂ ಮರೆತುಹೋಗಿ ಪೂರ್ತಿ ಗಂಟಲಿನಲ್ಲಿ ಕೂಗಿದೆ.

“ಖಾಲಿ ಮಾಡ್ಸು!”

“ಏನು?”

“ಏಪ್ರಿಲ್‌ಗೆ ಬರ್ತೀವಿ. ಆ ಹುಡುಗೀರನ್ನ ಖಾಲಿ ಮಾಡ್ಸು.”

ಅಕ್ಕನ ನಗು ನಿಂತಿತು. ಆಮೇಲೆ ಸಣ್ಣ ದನಿಯಲ್ಲಿ ಕೇಳಿದಳು. “ಮಾತಿಗೆ ಹೇಳ್ತಿದೀಯೋ, ನಿಜವಾಗ್ಲೂನೋ? ಪಾಪ, ಆ ಹುಡುಗೀರು ಬೇರೆ ಮನೆ ಹುಡುಕ್ಕೋಬೇಕು ಕಣೇ.”

ಸತೀಶನನ್ನು ನೋಡಿದೆ. ಅವನು ಆಗಲೇ ಪೆನ್ನಿನ ಮುಚ್ಚಳ ತೆಗೆದಿದ್ದ. ಕಾವೇರಿಯನ್ನು ನೋಡಿದೆ. ಎರಡು ತಿಂಗಳಿಂದ ಇಬ್ಬರೂ ಪಿಸುಗುಟ್ಟಿದ್ದೇ ಬಂತು, ಅವಳನ್ನು ಯಾರೂ ಕೇಳಿರಲಿಲ್ಲ. “ಹೋಗೋಣ್ವಾ?” ಎಂದೆ. ಅವಳು ಯೋಚಿಸಿ, “ಗಿರಿಜಾ ದೊಡ್ಡಮ್ಮನ ಮನೇಲಿ ಡಾಗ್ ಇದೆ ಅಲ್ವಾ? ಓಕೆ” ಎಂದಳು.

“ನಿಜವಾಗ್ಲೂ ಅಕ್ಕ” ಎಂದೆ ಫೋನಿಗೆ.

ಆ ಕಡೆಯಿಂದ ಕುರ್ಚಿ ಎಳೆದ ಸದ್ದು ಕೇಳಿಸಿತು, ಚಪ್ಪಲಿಯ ಸದ್ದು ಕೇಳಿಸಿತು. ಆಮೇಲೆ ಮಂಡಿನೋವಿನ ನನ್ನ ಅಕ್ಕ ಫೋನು ಇಡುವುದನ್ನೂ ಮರೆತು, ಏದುಸಿರು ಬಿಡುತ್ತ ಮಹಡಿಯ ಮೆಟ್ಟಿಲು ಹತ್ತುತ್ತ ಕೂಗುವುದು ಕೇಳಿಸಿತು. “ಹುಡುಗೀರಾ, ಬಾಗಿಲು ತೆಗೀರಮ್ಮ, ಒಂದು ಮಾತು ಹೇಳ್ಬೇಕು! ನಮ್ಮ ಪದ್ದು ಬರ್ತಾಳಂತೆ!”